ಮುಚ್ಚಳದ ಹಿಂದಿನ ಫ್ಯೂಸು

“ನಾನೇ ಹಾಕಿದ್ದು ಸಾಹೇಬ್ರೇ, ಬರ್ಕೊಳ್ಳಿ. ಐದರ ಜಾಗಕ್ಕೆ ಹದಿನೈದು ಹಾಕಿದೆ. ನನ್ನ ತಪ್ಪಿಂದ ನನ್ನ ತಂಗಿ ಗಂಡ ಸತ್ತ. ಇನ್ನೇನು ಬೇಕು ನಿಮಗೆ?”

ಇದು ಮೂರನೇ ಸಲ. ಅದೇ ಮಾತು, ಅದೇ ಸ್ವರ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಾಯಿಪಾಠ ಒಪ್ಪಿಸುವ ಮಕ್ಕಳಾದರೂ ನಡುವೆ ಒಮ್ಮೆ ತಡವರಿಸುತ್ತಾರೆ.

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟು ಹಣೆ ತಿಕ್ಕಿಕೊಂಡ. ಮೇಜಿನಾಚೆ ಕೂತಿದ್ದ ಮುದುಕರಿಗೆ ಕಾಗದದ ಮೇಲೆ ಯಾವ ಹೆಸರೇ ಇರಲಿ, ಊರಿಗೆಲ್ಲ ಅವರು ಟೆಸ್ಟರಣ್ಣ. ಅಂಗಿಯ ಜೇಬಿನಲ್ಲಿ ಟೆಸ್ಟರ್ ಇಲ್ಲದೆ ಅವರನ್ನು ಕಂಡವರಿಲ್ಲ. ಇವತ್ತು ಆ ಜೇಬು ಖಾಲಿ. ಟೆಸ್ಟರು, ಕನ್ನಡಕ, ಸೊಂಟದ ಬೆಲ್ಟು ಎಲ್ಲ ಲಾಕಪ್ಪಿಗೆ ಹಾಕುವಾಗ ಕಿತ್ತುಕೊಂಡು ಚೀಲಕ್ಕೆ ಕಟ್ಟಿಟ್ಟಿದ್ದರು.

ನಾಲ್ಕು ದಿನದ ಹಿಂದೆ ಟೆಸ್ಟರಣ್ಣನ ತಂಗಿ ಮತ್ತವಳ ಗಂಡ ನಡೆಸುತ್ತಿದ್ದ ಪುಸ್ತಕ ಬೈಂಡಿಂಗ್ ಅಂಗಡಿಗೆ ಹಾಡುಹಗಲೇ ಬೆಂಕಿ ಬಿತ್ತು, ಒಳಕೋಣೆಯಲ್ಲಿ ಒರಗಿದ್ದ ಗಂಡ ಹೊಗೆ ಕುಡಿದು ಸತ್ತ, ಅಂಟು ಕರಗಿಸುವ ಯಂತ್ರದೊಳಗೆ ಐದು ಆಂಪಿಯರಿನ ಜಾಗದಲ್ಲಿ ಹದಿನೈದರ ಫ್ಯೂಸು ಸಿಕ್ಕಿತು. ಆ ಯಂತ್ರ ಬಿಚ್ಚಿ ರಿಪೇರಿ ಮಾಡುತ್ತಿದ್ದವರು ಟೆಸ್ಟರಣ್ಣ ಒಬ್ಬರೇ. ಸಂಜೆ ಐದಕ್ಕೆ ವ್ಯಾನು ಬರುತ್ತದೆ. ಹೇಳಿಕೆಯ ಕೆಳಗೆ ಇನ್ಸ್‌ಪೆಕ್ಟರನ ರುಜು ಬಿದ್ದರೆ ಮುದುಕರು ಜೈಲಿಗೆ. ಈಗ ಮೂರೂವರೆ.

ತಪ್ಪೊಪ್ಪಿಕೊಂಡವನು ಸಿಕ್ಕಿದರೆ ಪೊಲೀಸಿನವನಿಗೆ ಹಬ್ಬ ಆಗಬೇಕು. ಇವನು ಮಾತ್ರ ರುಜು ಹಾಕದೆ ಅದೇ ಹೇಳಿಕೆಯನ್ನು ಮತ್ತೆ ಮತ್ತೆ ಓದುತ್ತಿದ್ದ. ಯಾಕೆ ಅಂತ ಕೇಳಿದರೆ ಹೇಳಲು ಬಾರದು. ಯಂತ್ರದಿಂದ ಬೆಂಕಿ ಎದ್ದಿದ್ದರೆ ಯಂತ್ರದ ಸುತ್ತ ಹೆಚ್ಚು ಸುಟ್ಟಿರಬೇಕಲ್ಲ? ಹೆಚ್ಚು ಸುಟ್ಟದ್ದು ಹಿಂದಿನ ಗೋಡೆ. ಅದೊಂದು. ಇನ್ನೊಂದು, ನಲವತ್ತು ವರ್ಷ ಕರೆಂಟಿನ ಜೊತೆ ಬಾಳಿದ ಮನುಷ್ಯ ಸ್ವಂತ ತಂಗಿಯ ಅಂಗಡಿಯಲ್ಲೇ ಇಂಥ ಎಡವಟ್ಟು ಮಾಡುತ್ತಾನಾ? ಮಾಡಿದೆ ಅಂತ ಅವರೇ ಎದೆ ತಟ್ಟಿ ಹೇಳುತ್ತಿದ್ದಾರಲ್ಲ, ಇನ್ನೇನು! ತಲೆ ಅನ್ನುವುದು ಮೊಸರುಗಡಿಗೆ ಆಗಿಹೋಗಿತ್ತು.

ಮೇಜಿನ ಮೇಲೆ ಮೊಬೈಲು ಗುಂಯ್‌ಗುಟ್ಟಿತು. ಹೆಂಡತಿಯ ತಮ್ಮ.

“ಭಾವಾ, ಮುದುಕ ಹೊರಟ್ನಾ?”

“ಇನ್ನೂ ಇಲ್ಲ ಕಣಯ್ಯ. ಐದಕ್ಕೆ.”

“ಬೇಗ ಮುಗಿಸಿ ಭಾವ. ಗೋಡೆಗೆ ಗೋಡೆ ಅಂಟ್ಕೊಂಡಿರೋ ಗೋಡೌನು ನಂದು. ಬರೀ ಕಾಗದ. ಸ್ವಲ್ಪದರಲ್ಲಿ ತಪ್ತು. ಆವತ್ತು ನಿಮ್ಮನೇಲಿ ಕೂತು ಎಷ್ಟು ನಡುಗಿದೀನಿ ಅಂತ ನೀವೇ ನೋಡಿದ್ರಲ್ಲ. ಅಕ್ಕನೂ ಅಷ್ಟೇ, ಈ ಕೇಸು ಮುಗಿದ್ರೆ ಸಾಕಪ್ಪ ಅಂತಿದಾಳೆ.”

“ಆಯ್ತು, ಇಡು.”

ಬೆಳಿಗ್ಗೆಯಿಂದ ನಾಲ್ಕನೇ ಫೋನು. ಪಾಪ, ಹೆದರಿದ್ದಾನೆ ಅಂದುಕೊಂಡ. ಮನೆಯಲ್ಲಿ ಕೇಸಿನ ಮಾತು ಎತ್ತುವ ಅಭ್ಯಾಸ ಇನ್ಸ್‌ಪೆಕ್ಟರನಿಗೆ ಮೊದಲಿಂದಲೂ ಇಲ್ಲ. ಈ ಸಲವಂತೂ ಫ್ಯೂಸಿನ ಸಂಗತಿಯನ್ನು ಪತ್ರಿಕೆಯವರಿಗೂ ಬಿಟ್ಟುಕೊಟ್ಟಿರಲಿಲ್ಲ. ವೈರು ಸುಟ್ಟು ಬೆಂಕಿ, ಮೆಕ್ಯಾನಿಕ್ ಬಂಧನ. ಊರಿಗೆ ಗೊತ್ತಿದ್ದದ್ದು ಅಷ್ಟೇ.

ಬಾಗಿಲು ತಳ್ಳಿಕೊಂಡು ಹೆಡ್ ಕಾನ್‌ಸ್ಟೇಬಲ್ ಬಂದ. ಠಾಣೆಯಲ್ಲಿ ಅವನಿಗೆ ರೇಡಿಯೋ ಅಂತಲೇ ಹೆಸರು. ಬೆಳಿಗ್ಗೆ ಶುರುವಾದರೆ ಕಣ್ಣು ಮುಚ್ಚುವ ತನಕ ನಿಲ್ಲದ ಬಾಯಿ. ಅದರಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ.

“ಸರ್, ಇವರ ತಂಗಿ ಬಂದಿದಾರೆ, ಊಟದ ಡಬ್ಬಿ ತಂದಿದಾರೆ. ಆಮೇಲೆ ನಿಮ್ಮ ವಾಕಿಟಾಕಿ ಇವತ್ತೂ ಇಲ್ಲ ಸರ್. ಚಾರ್ಜರ್ ಕೆಟ್ಟು ನಾಲ್ಕು ದಿನ ಆಯ್ತು. ರಿಪೇರಿ ಮಾಡ್ಸೋಣ ಅಂದ್ರೆ ಮೆಕ್ಯಾನಿಕ್ಕನ್ನೇ ಒಳಗೆ ಹಾಕ್ಕೊಂಡು ಕೂತಿದೀವಿ. ಯಾರನ್ನ ಕರೆಯೋದು?”

“ಅದೊಂದು ಈಗ! ಅಮ್ಮನ್ನ ಹೊರಗೆ ಬೆಂಚಿನ ಮೇಲೆ ಕೂರಿಸು. ಅಂಗಡಿಯಿಂದ ತಂದ ಸಾಮಾನೆಲ್ಲ ಇಲ್ಲಿ ತಂದಿಡು. ಹಾಗೇ ಇವರ ಕನ್ನಡಕ.”

“ಕನ್ನಡಕ ಯಾಕೆ ಸರ್?”

“ನಿನಗೆ ಹಾಕೋಕೆ. ತಗೊಂಬಾ ಅಂದ್ರೆ ತಗೊಂಬಾ.”

ಕನ್ನಡಕ ಅಂದ ತಕ್ಷಣ ಇನ್ಸ್‌ಪೆಕ್ಟರನಿಗೆ ಒಂದು ಸಂಗತಿ ಹೊಳೆದಿತ್ತು. ಈ ಮನುಷ್ಯ ತಪ್ಪೊಪ್ಪಿಕೊಂಡದ್ದು ಬಂಧನವಾದ ದಿನವೇ. ಯಂತ್ರದಲ್ಲಿ ಹದಿನೈದರ ಫ್ಯೂಸು ಸಿಕ್ಕಿದೆ ಅಂತ ಬಾಯಲ್ಲಿ ಹೇಳಿದ್ದಷ್ಟೇ, ‘ಹೌದು, ನಾನೇ’ ಅಂದುಬಿಟ್ಟಿದ್ದರು. ಆ ಫ್ಯೂಸನ್ನು ಅವರಿಗೆ ಯಾರೂ ತೋರಿಸಿಯೇ ಇರಲಿಲ್ಲ, ಅವರೂ ತೋರಿಸಿ ಅಂತ ಕೇಳಿರಲಿಲ್ಲ.

ಸಾಮಾನು ಬಂತು. ಅಂಟಿನ ಯಂತ್ರ, ಒಂದು ಚಿಕ್ಕ ಟ್ರಂಕಿನಷ್ಟಿದ್ದದ್ದು, ಈಗ ಬಾಣಲೆಯ ತಳದಷ್ಟು ಕಪ್ಪು. ಅದರ ಮುಚ್ಚಳ ಬೇರೆ. ಟೆಸ್ಟರಣ್ಣ ತಂಗಿಯ ಅಂಗಡಿಯಲ್ಲೇ ಬಿಟ್ಟಿರುತ್ತಿದ್ದ ತಗಡಿನ ಡಬ್ಬಿ ಒಂದು, ಫ್ಯೂಸು ತುಂಬಿದ್ದು. ಯಂತ್ರದೊಳಗೆ ಸಿಕ್ಕ ಆ ಪಾಪಿ ಫ್ಯೂಸು ಮಾತ್ರ ಮೊಹರು ಮಾಡಿದ ಕವರಿನಲ್ಲಿತ್ತು. ಇನ್ಸ್‌ಪೆಕ್ಟರ್ ಅದನ್ನು ಪಕ್ಕಕ್ಕಿಟ್ಟು, ಡಬ್ಬಿಯನ್ನು ಹಳೇ ಪೇಪರಿನ ಮೇಲೆ ಬೋರಲು ಹಾಕಿದ. ಕಿರುಬೆರಳುದ್ದದ ಗಾಜಿನ ಕೊಳವೆಗಳು, ಎರಡು ತುದಿಗೂ ಲೋಹದ ಟೋಪಿ, ಒಳಗೆ ಕೂದಲೆಳೆಯ ತಂತಿ. ಅವನ ಕಣ್ಣಿಗೆ ಎಲ್ಲವೂ ಒಂದೇ ತಾಯಿಯ ಮಕ್ಕಳು.

“ಕನ್ನಡಕ ಹಾಕ್ಕೊಳ್ಳಿ ಟೆಸ್ಟರಣ್ಣ. ಆವತ್ತು ಹೇಗೆ ಹಾಕಿದ್ರೋ ಹಾಗೇ ಒಂದ್ಸಲ ಮಾಡಿ ತೋರಿಸಿ. ನೋಡ್ಬಿಟ್ಟು ರುಜು ಹಾಕ್ತೀನಿ.”

ಟೆಸ್ಟರಣ್ಣ ಕನ್ನಡಕ ಏರಿಸಿದರು. ಕೈ ಯಂತ್ರದ ಕಡೆ ಹೋಗಿ ನಿಂತಿತು.

“ಪ್ಲಗ್ ಎಲ್ಲಿ?”

“ಯಾವ ಪ್ಲಗ್ಗು? ಸುಟ್ಟು ಕರಕಲಾಗಿದೆ, ಎಲ್ಲಿಗೂ ಸಿಕ್ಕಿಸಿಲ್ಲ.”

“ಆದ್ರೂ ನೋಡ್ಬೇಕು. ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ ಕಿತ್ತು ಕಣ್ಣೆದುರಿಗೆ ಇಟ್ಕೋಬೇಕು. ಆಮೇಲೇ ಕೈ ಹಾಕೋದು.” ಅವರು ಬಗ್ಗಿ ವೈರಿನ ತುದಿ ನೋಡಿಯೇ ಮುಂದುವರಿದದ್ದು. ಫ್ಯೂಸುಗಳ ರಾಶಿಯ ಮೇಲೆ ಬೆರಳು ಆಡಿಸಿದರು. ಒಂದನ್ನು ಎತ್ತಿ ಟೋಪಿಯ ಮೇಲಿನ ಅಕ್ಷರ ಓದಿ ಕೆಳಗಿಟ್ಟರು. ಇನ್ನೊಂದನ್ನು ಎತ್ತಿ ಬೆಳಕಿಗೆ ಹಿಡಿದರು. ಮೂರನೆಯದನ್ನು ಯಂತ್ರದೊಳಗೆ ಫ್ಯೂಸು ಕೂರುವ ಕ್ಲಿಪ್ಪಿನ ಹತ್ತಿರ ತಂದರು.

“ಅದೆಷ್ಟರದು?”

“ಐದು.”

“ನೀವು ಹಾಕಿದ್ದು ಹದಿನೈದಲ್ವಾ?”

ಮುದುಕರ ಮುಖ ಬಿಳಿಚಿಕೊಂಡಿತು. ಕೈಯಲ್ಲಿದ್ದುದನ್ನು ರಾಶಿಗೆ ಬಿಟ್ಟು ಹದಿನೈದರದೊಂದು ಹುಡುಕಿ ಎತ್ತಿದರು. ಎತ್ತಿದ್ದೇನೋ ಸರಿ, ಅದು ಕ್ಲಿಪ್ಪಿನ ತನಕ ಹೋಗಲೇ ಇಲ್ಲ. ಸುಳ್ಳು ಹೇಳಲು ಬಾಯಿ ಒಪ್ಪಿತ್ತು, ಕೈ ಒಪ್ಪಲಿಲ್ಲ.

“ಹಾಕಿ ಮತ್ತೆ. ಸತ್ತ ಯಂತ್ರ, ಏನಾಗುತ್ತೆ?”

“ಹಾಕಬಾರದು ಸಾಹೇಬ್ರೇ.”

“ಯಾಕೆ? ಕ್ಲಿಪ್ಪಿಗೆ ಕೂರುತ್ತಲ್ಲ.”

“ಕೂರುತ್ತೆ ಅಂತ ಹಾಕೋದಾ?” ಅಂದರು ಟೆಸ್ಟರಣ್ಣ. ನಾಲ್ಕು ದಿನದಲ್ಲಿ ಮೊದಲ ಸಲ ಅವರ ದನಿಯಲ್ಲಿ ಸಿಟ್ಟು ಬಂದಿತ್ತು. “ಮಗುಗೆ ಅಪ್ಪನ ಚಪ್ಪಲಿನೂ ಕಾಲಿಗೆ ಬರುತ್ತೆ, ಹಾಕ್ಕೊಂಡು ಓಡು ಅಂತೀರಾ? ಯಂತ್ರದ ಬೆನ್ನ ಮೇಲೆ ಬರ್ದಿರುತ್ತೆ, ಇಷ್ಟೇ ಅಂತ. ಇದು ಎಳೆಯೋದು ಮೂರು ಆಂಪಿಯರ್ ಚಿಲ್ಲರೆ. ಒಳಗಿನ ವೈರು ಆರೋ ಏಳೋ ತಡ್ಕೊಳ್ಳುತ್ತೆ. ಅದಕ್ಕೇ ಐದು. ಎಡವಟ್ಟಾದ್ರೆ ವೈರಿಗಿಂತ ಮುಂಚೆ ಫ್ಯೂಸು ಸಾಯ್ಬೇಕು. ಸಾಯೋದೇ ಅದರ ಕೆಲಸ. ಹದಿನೈದು ಹಾಕಿದ್ರೆ ವೈರು ಸುಟ್ಟು ಬೂದಿ ಆದ್ರೂ ಇದು ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿರುತ್ತೆ!”

“ಆಹಾ.”

“ಅಷ್ಟೇ ಅಲ್ಲ. ವೋಲ್ಟ್ ನೋಡ್ಬೇಕು. ಬೇಗ ಹಾರೋದಾ, ನಿಧಾನಕ್ಕೆ ಹಾರೋದಾ ನೋಡ್ಬೇಕು. ಎಲ್ಲಕ್ಕಿಂತ ಮೊದಲು, ಹಿಂದಿನದು ಯಾಕೆ ಹಾರ್ತು ಅಂತ ನೋಡ್ಬೇಕು. ಪದೇ ಪದೇ ಹಾರುತ್ತೆ ಅಂತ ದೊಡ್ಡದು ಹಾಕೋದು, ತಂತಿ ಸುತ್ತೋದು, ಸಿಗರೇಟಿನ ಬೆಳ್ಳಿ ಕಾಗದ ಸುತ್ತೋದು, ಅಂಥವರನ್ನ ಕಂಡ್ರೆ ನನಗೆ...” ಮಾತು ಅಲ್ಲೇ ನಿಂತಿತು.

ಕೇಳಿದವನಿಗೂ ಹೇಳಿದವರಿಗೂ ಗೊತ್ತಾಗಿತ್ತು, ಕುಂಬಳಕಾಯಿ ಕಳ್ಳ ಅಂದಾಗ ಈ ಮನುಷ್ಯ ಮುಟ್ಟಿ ನೋಡಿಕೊಂಡದ್ದು ಬೇರೆ ಯಾರದೋ ಹೆಗಲು.

ಇನ್ಸ್‌ಪೆಕ್ಟರ್ ದನಿ ತಗ್ಗಿಸಿದ. “ಯಾರನ್ನ ಉಳಿಸ್ತಿದೀರಿ ಟೆಸ್ಟರಣ್ಣ?”

ಮುದುಕರು ಬಾಗಿಲ ಕಡೆ ನೋಡಿದರು. ಬಾಗಿಲಾಚೆ ಬೆಂಚಿನ ಮೇಲೆ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ತಂಗಿ ಕೂತಿದ್ದಳು.

“ಅಯ್ಯೋ,” ಅಂದ ಇನ್ಸ್‌ಪೆಕ್ಟರ್. “ಅವರನ್ನಾ?”

“ಅವಳನ್ನ ಏನೂ ಕೇಳ್ಬೇಡಿ ಸಾಹೇಬ್ರೇ, ನಿಮ್ಮ ಕಾಲಿಗೆ ಬೀಳ್ತೀನಿ. ಗಂಡನ್ನ ಕಳ್ಕೊಂಡು ಕೂತಿದಾಳೆ. ತನ್ನ ಕೈಯಿಂದಲೇ ಆಯ್ತು ಅಂತ ಗೊತ್ತಾದ್ರೆ ಉಳಿಯಲ್ಲ ಅವಳು.” ಕಣ್ಣಲ್ಲಿ ನೀರು ತುಂಬಿತ್ತು. “ಬೆಂಕಿಗೆ ಎರಡು ದಿನ ಮುಂಚೆ ಫೋನ್ ಮಾಡಿದ್ಳು. ಅಣ್ಣಾ, ಯಂತ್ರ ನಿಂತಿದೆ, ಫ್ಯೂಸ್ ಹಾರಿದೆ, ಬಾ ಅಂತ. ನನಗೆ ಜ್ವರ. ಎದ್ದು ಹೋಗ್ಬಹುದಿತ್ತು, ಹೋಗ್ಲಿಲ್ಲ. ಪ್ಲಗ್ ಕಿತ್ಹಾಕಿ ನೀನೇ ಹಾಕು ಅಂದೆ. ಯಾವುದು ಹಾಕ್ಬೇಕು ಅಂತಲೂ ಹೇಳಿದ್ದೆ. ಡಬ್ಬೀನೂ ಅಲ್ಲೇ ಇತ್ತಲ್ಲ... ನೋಡೋಕೆ ಎಲ್ಲ ಒಂದೇ ಥರ. ಕೈಗೆ ಸಿಕ್ಕಿದ್ದು ಹಾಕ್ಬಿಟ್ಟಿದಾಳೆ.”

“ಯಾವುದು ಹಾಕು ಅಂದಿದ್ರಿ?”

“ಮುಚ್ಚಳದ ಹಿಂದಿನದು.”

ಟೆಸ್ಟರಣ್ಣನ ಪದ್ಧತಿ ಅದು. ಯಾವ ಯಂತ್ರಕ್ಕೆ ಫ್ಯೂಸು ಹಾಕಿದರೂ, ಅದೇ ಅಳತೆಯ ಇನ್ನೊಂದನ್ನು ಮುಚ್ಚಳದ ಒಳಬದಿಗೆ ಟೇಪು ಹಚ್ಚಿ ಅಂಟಿಸಿ ಬರುತ್ತಿದ್ದರು. ನಾಳೆ ತಾವು ಇರಲಿ ಬಿಡಲಿ, ತೆಗೆದು ನೋಡಿದವರಿಗೆ ಯಾವುದು ಸರಿ ಅನ್ನುವುದರಲ್ಲಿ ಅನುಮಾನ ಬರಬಾರದು ಅಂತ.

ಇನ್ಸ್‌ಪೆಕ್ಟರ್ ಸುಟ್ಟ ಮುಚ್ಚಳವನ್ನು ಎಳೆದುಕೊಂಡ. ತಿರುವಿದ. ಒಳಬದಿಯೂ ಕಪ್ಪು. ಫ್ಯೂಸೂ ಇಲ್ಲ, ಟೇಪೂ ಇಲ್ಲ.

“ಇಲ್ಲೇನೂ ಇಲ್ವಲ್ಲ. ಸುಟ್ಟು ಹೋಯ್ತೇನೋ.”

“ಕೊಡಿ ಇಲ್ಲಿ,” ಅಂದರು ಟೆಸ್ಟರಣ್ಣ. ಸಾಹೇಬ್ರೇ ಅನ್ನುವುದನ್ನೂ ಮರೆತಿದ್ದರು. ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಉಸಿರು ಬಿಡದೆ, ಹೆಬ್ಬೆರಳಿನಿಂದ ಒಂದು ಮೂಲೆಯನ್ನು ಸವರಿದರು. ಮತ್ತೆ ಸವರಿದರು.

“ಇಲ್ಲಿ ಅಂಟಿಸಿದ್ದೆ. ನೋಡಿ, ಟೇಪಿನ ಅಂಟಿನ ಗೆರೆ ಇದೆ. ಟೇಪು ಇದ್ದಾಗಲೇ ಬೆಂಕಿ ಬಿದ್ದಿದ್ರೆ ಅದರ ಅಡಿ ಮಸಿ ಕೂರ್ತಿರ್ಲಿಲ್ಲ, ಬಿಳೀ ಪಟ್ಟಿ ಉಳೀತಿತ್ತು. ಗಾಜು ಕರಗಿದ್ರೂ ಟೋಪಿ ಅಂಟ್ಕೊಂಡಿರ್ತಿತ್ತು. ಇಲ್ಲಿ ಒಂದೇ ಸಮ ಮಸಿ ಕೂತಿದೆ.” ಅವರ ದನಿ ಏರತೊಡಗಿತು. “ಬೆಂಕಿಗೆ ಮುಂಚೆನೇ ಇದನ್ನ ಬಿಡಿಸಿ ತೆಗೆದಿದಾಳೆ! ತಂಗೀ! ಏ ತಂಗೀ!”

ಡಬ್ಬಿ ಹಿಡಿದುಕೊಂಡೇ ಅವಳು ಒಳಗೆ ಓಡಿ ಬಂದಳು. ಐವತ್ತರ ಹೆಂಗಸು, ಬೆರಳ ತುದಿಯಲ್ಲಿ ಇನ್ನೂ ಒಣಗಿದ ಅಂಟು. “ಏನಾಯ್ತು ಅಣ್ಣಾ?”

“ಆವತ್ತು ಯಾವುದು ಹಾಕಿದೆ? ಹೆದರ್ಬೇಡ, ಇದ್ದದ್ದು ಹೇಳು.”

“ಇದೇನು ಕೇಳ್ತೀಯಾ? ನೀನೇ ಹೇಳಿದ್ಯಲ್ಲ, ಮುಚ್ಚಳದ ಹಿಂದಿನದು ಅಂತ. ಟೇಪು ಬಿಡ್ಸೋಕೆ ಬರ್ದೆ ಚಾಕುನಲ್ಲಿ ಎಬ್ಬಿಸಿದೆ. ಕೆಂಪು ಚುಕ್ಕೆ ಇತ್ತು, ಅದೇ ಹಾಕಿದೆ. ನಿನ್ನ ಡಬ್ಬೀನ ನಾನ್ಯಾಕೆ ಮುಟ್ಟಲಿ? ಮುಟ್ಟಿದ್ರೆ ಬೈತೀಯಲ್ಲ.”

ಟೆಸ್ಟರಣ್ಣ ಮುಚ್ಚಳವನ್ನು ಎದೆಗೆ ಅವಚಿಕೊಂಡು ಕುರ್ಚಿಯಲ್ಲಿ ಕುಸಿದರು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ, ಅಂಗಿಯ ತುಂಬ ಮಸಿ. “ಸರಿಯಾದ್ದೇ ಹಾಕಿದಾಳೆ ಸಾಹೇಬ್ರೇ. ನನ್ನ ತಂಗಿ ಸರಿಯಾದ್ದೇ ಹಾಕಿದಾಳೆ.”

“ಅಂದ್ರೆ ನೀನು ನನ್ನ ಮೇಲೆ...” ಅಂದಳು ತಂಗಿ. ಅಣ್ಣ ಯಾಕೆ ಒಳಗೆ ಹೋದ ಅನ್ನುವುದು ಅವಳಿಗೆ ಈಗ ತಿಳಿಯಿತು. “ನಾಲ್ಕು ದಿನದಿಂದ ನಾನು, ನನ್ನಣ್ಣ ಜ್ವರದ ಮಂಪರಲ್ಲಿ ಎದ್ದು ಬಂದು ಏನೋ ಮಾಡ್ಕೊಂಡ್ನಾ ಅಂತ ಸಾಯ್ತಿದೀನಿ. ಒಂದು ಮಾತು ಕೇಳ್ಬಾರ್ದಿತ್ತಾ? ಮೂರ್ಖ!” ಅಂದವಳೇ ಅಣ್ಣನ ಭುಜಕ್ಕೆ ಒಂದು ಗುದ್ದಿ, ಅದೇ ಭುಜಕ್ಕೆ ಹಣೆಯಿಟ್ಟು ಗೋಳೋ ಅಂತ ಅತ್ತಳು.

ಇನ್ಸ್‌ಪೆಕ್ಟರನಿಗೆ ಮಾತ್ರ ಸಮಾಧಾನ ಆಗಲಿಲ್ಲ. ಮುದುಕರು ಹಾಕಿಲ್ಲ. ತಂಗಿ ಹಾಕಿಲ್ಲ. ಇವಳು ಹಾಕಿದ್ದು ಐದರದು, ತಾನು ತೆಗೆಸಿದ್ದು ಹದಿನೈದರದು. ನಡುವೆ ಅದೇನು ಮರಿ ಹಾಕಿತಾ? ಒಂದು ಗಂಟು ಬಿಚ್ಚಿದರೆ ಅದರಡಿ ಇನ್ನೊಂದು.

ಮೊಹರು ಒಡೆದು ಕವರಿನೊಳಗಿನದನ್ನು ಅಂಗೈಗೆ ಹಾಕಿಕೊಂಡ. ಮೊದಲ ದಿನವೇ ಕಂಡಿದ್ದ ಸಂಗತಿ ಈಗ ಮತ್ತೆ ಕಂಡಿತು. ಇಡೀ ಯಂತ್ರಕ್ಕೆ ಮಸಿ ಬಳಿದಿದೆ. ಫ್ಯೂಸು ಕೂತಿದ್ದದ್ದು ತೆರೆದ ಕ್ಲಿಪ್ಪಿನಲ್ಲಿ. ಈ ಗಾಜು ಮಾತ್ರ ಫಳಫಳ. ಎರಡು ಟೋಪಿಗಳಿಗಷ್ಟೇ ಒರಸಿದ ಹಾಗೆ ಮಸಿ. ಆವತ್ತು ಅದು ಏನು ಅಂತ ಅರ್ಥವಾಗಿರಲಿಲ್ಲ. ಮುಚ್ಚಳದ ಪಾಠ ಕೇಳಿದ ಮೇಲೆ ಆಯಿತು.

“ಇದು ಬೆಂಕಿ ಆರಿದ ಮೇಲೆ ಒಳಗೆ ಹೋಗಿದೆ,” ಅಂದ, ತನ್ನಷ್ಟಕ್ಕೇ. “ಹೌದಲ್ವಾ ಟೆಸ್ಟರಣ್ಣ?”

ಟೆಸ್ಟರಣ್ಣ ಕಣ್ಣೊರೆಸಿಕೊಂಡು ಫ್ಯೂಸು ಈಸಿಕೊಂಡರು. ಟೋಪಿಯನ್ನು ಕಣ್ಣಿನ ಹತ್ತಿರ ತಂದು ಓದಿದರು. ಹುಬ್ಬು ಗಂಟಿಕ್ಕಿತು.

“ಇದನ್ಯಾವ ಮುಠ್ಠಾಳ ಹಾಕಿದ? ಮೂವತ್ತೆರಡು ವೋಲ್ಟ್ ಅಂತಿದೆ. ಇದು ಗೋಡೆ ಕರೆಂಟಿಗೆ ಹಾಕೋದೇ ಅಲ್ಲ, ಬ್ಯಾಟರಿ ಕಡೆ ಹಾಕೋದು. ನನ್ನ ಡಬ್ಬೀಲಿ ಇಂಥದ್ದು ಒಂದೂ ಇಲ್ಲ, ನೋಡ್ಕೊಳ್ಳಿ. ಬೈಂಡಿಂಗ್ ಅಂಗಡೀಲಿ ಬ್ಯಾಟರಿ ಎಲ್ಲಿಂದ ಬರ್ಬೇಕು?”

ಅಂಗಿಯ ತುದಿಯಿಂದ ಟೋಪಿಯ ಮಸಿ ಒರೆಸಿದರು. ಒರೆಸುತ್ತಿದ್ದ ಕೈ ನಿಂತಿತು.

ಟೋಪಿಯ ಮೇಲೆ ಸಾಸಿವೆಯಷ್ಟು ನೀಲಿ.

“ಅಣ್ಣ ಹಚ್ಚೋ ಬಣ್ಣ ಅದು,” ಅಂದಳು ತಂಗಿ. “ಉಗುರು ಬಣ್ಣ. ಒಬ್ಬೊಬ್ಬರ ಮನೆಗೆ ಒಂದೊಂದು. ಆಮೇಲೆ ಯಾರಾದ್ರೂ ಬೇರೆ ಹಾಕಿ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ ಇವನ ಮೇಲೆ ಹೇಳ್ಬಾರ್ದು ಅಂತ. ನಮ್ಮ ಅಂಗಡಿಗೆ ಕೆಂಪು.”

“ನೀಲಿ ಯಾರಿಗೆ?”

ಟೆಸ್ಟರಣ್ಣ ತಲೆ ಎತ್ತಿದರು. ಇನ್ಸ್‌ಪೆಕ್ಟರನ ಮುಖ ನೋಡಿದರು, ಗೋಡೆ ನೋಡಿದರು, ಮತ್ತೆ ಮುಖ ನೋಡಿದರು.

“ಸಾಹೇಬ್ರೇ, ನಿಮ್ಮ ವಾಕಿಟಾಕಿ ಚಾರ್ಜರ್ ಕೆಟ್ಟು ಎಷ್ಟು ದಿನ ಆಯ್ತು ಅಂದ್ರು ಆಗ ನಿಮ್ಮ ಹೆಡ್ಡು?”

ಇನ್ಸ್‌ಪೆಕ್ಟರ್ ಎದ್ದ. ಪಕ್ಕದ ಕೋಣೆಗೆ ಹತ್ತು ಹೆಜ್ಜೆ. ಮೂಲೆಯ ಸ್ಟೂಲಿನ ಮೇಲೆ ಚಾರ್ಜರು ಧೂಳು ತಿನ್ನುತ್ತಿತ್ತು. ಮೊದಲು ಪ್ಲಗ್ ಕಿತ್ತ, ಕಣ್ಣೆದುರಿಗೆ ಇಟ್ಟುಕೊಂಡ. ಮುಚ್ಚಳ ತೆಗೆದ. ಮುಚ್ಚಳದ ಹಿಂದೆ ಟೇಪಿನಡಿ ಒಂದು ಫ್ಯೂಸು, ಹದಿನೈದು, ನೀಲಿ ಚುಕ್ಕೆ. ಒಳಗೆ ಕ್ಲಿಪ್ಪು ಮಾತ್ರ ಖಾಲಿ. ಚಾರ್ಜರು ಕೆಟ್ಟೇ ಇರಲಿಲ್ಲ. ಅದರ ಫ್ಯೂಸನ್ನು ಯಾರೋ ಎತ್ತಿದ್ದರು.

ಬೆಂಕಿಯ ದಿನ ಅಂಗಡಿಯಲ್ಲಿ ಏನೇನಾಯಿತು? ಹನ್ನೊಂದಕ್ಕೆ ಬೆಂಕಿ. ಹನ್ನೆರಡಕ್ಕೆ ಆರಿತು. ಅಗ್ನಿಶಾಮಕದವರ ನೀರಿಗೆ ಸಿಕ್ಕಿ ತೊಯ್ದು ತೊಪ್ಪೆಯಾದ ನಾನು ಬಟ್ಟೆ ಬದಲಿಸಲು ಮನೆಗೆ ಹೋದೆ. ಮಹಜರಿಗೆ ವಾಪಸ್ ಬಂದದ್ದು ಎರಡೂವರೆಗೆ. ಅಷ್ಟು ಹೊತ್ತು ಆ ಜಾಗಕ್ಕೆ ಕಾವಲು ಇದ್ದವನು ಒಬ್ಬನೇ.

ಬೇಲಿಯೇ ಎದ್ದು ಹೊಲ ಮೇಯಿತಾ?

ತಿರುಗಿದರೆ ಬಾಗಿಲಲ್ಲಿ ರೇಡಿಯೋ ನಿಂತಿದ್ದ. ಕೈಯಲ್ಲಿ ಟೀ ಲೋಟ. ಖಾಲಿ ಕ್ಲಿಪ್ಪು ನೋಡಿದ, ಸಾಹೇಬರ ಮುಖ ನೋಡಿದ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಆ ಬಾಯಿ ಮುಚ್ಚಿತ್ತು.

“ಹೇಳು,” ಅಂದ ಇನ್ಸ್‌ಪೆಕ್ಟರ್.

“ನೀವು ಯಾವತ್ತಾದ್ರೂ ಕೇಳ್ತೀರಿ ಅಂತ ನಾಲ್ಕು ದಿನದಿಂದ ಕಾಯ್ತಿದೀನಿ ಸರ್.” ರೇಡಿಯೋ ಟೀ ಕೆಳಗಿಟ್ಟು, ಒಳಜೇಬಿನಿಂದ ಕಾಗದದ ಪೊಟ್ಟಣ ತೆಗೆದ. ಅದನ್ನು ತಾನೇ ತಂದು ಟೆಸ್ಟರಣ್ಣನ ಮುಂದೆ ಮೇಜಿನ ಮೇಲಿಟ್ಟು ಬಿಚ್ಚಿದ. ಗಾಜಿನ ಕೊಳವೆ, ಒಳಗೆಲ್ಲ ಕಪ್ಪು. ಟೋಪಿಯ ಮೇಲೆ ಕೆಂಪು ಚುಕ್ಕೆ.

ಟೆಸ್ಟರಣ್ಣ ಅದನ್ನು ಮುಟ್ಟದೆ ಬಗ್ಗಿ ನೋಡಿದರು. “ಹೊಗೆಯಿಂದ ಆದ ಕಪ್ಪಲ್ಲ, ಗಾಜಿನ ಒಳಗೇ ಕಪ್ಪಾಗಿದೆ. ಎರಡು ವೈರು ಒಂದಕ್ಕೊಂದು ತಾಗಿ ಫಟ್ ಅಂತ ಹಾರಿದಾಗ ಹೀಗಾಗುತ್ತೆ. ಹೊರಗಿನ ಬೆಂಕಿಗೆ ವೈರಿನ ಮೈ ಕರಗಿದೆ, ಆ ಕ್ಷಣವೇ ಇದು ಹಾರಿ ಕರೆಂಟು ನಿಲ್ಲಿಸಿದೆ. ಇದು ತನ್ನ ಕೆಲಸ ಮಾಡಿದೆ ಸಾಹೇಬ್ರೇ. ನಲವತ್ತು ವರ್ಷದ ಅನುಭವದಲ್ಲಿ ಹೇಳ್ತೀನಿ, ಬೆಂಕಿ ಯಂತ್ರದಿಂದ ಬಂದದ್ದಲ್ಲ. ಯಂತ್ರದ ಹತ್ರ ಬಂದದ್ದು.”

“ಅಂದ್ರೆ ನನ್ನ ಯಜಮಾನ್ರನ್ನ...” ಅಂದಳು ತಂಗಿ.

ಇನ್ಸ್‌ಪೆಕ್ಟರ್ ರೇಡಿಯೋನ ಕಾಲರಿಗೆ ಕೈ ಹಾಕಿದ. “ಸಾಕ್ಷಿ ಬದಲಾಯಿಸಿದ್ಯಾ? ಒಬ್ಬ ಸತ್ತಿದಾನೆ, ಇನ್ನೊಬ್ಬರನ್ನ ಜೈಲಿಗೆ ಕಳಿಸ್ತಿದೀವಿ. ಯಾರು ಹೇಳಿದ್ರು ನಿನಗೆ?”

“ನೀವೇ ಸರ್.”

“ಏನಂದೆ?”

ರೇಡಿಯೋ ತನ್ನ ಮೊಬೈಲು ತೆಗೆದು ಮುಂದೆ ಹಿಡಿದ. ಮೆಸೇಜು. ಬೆಂಕಿಯ ದಿನ, ಹನ್ನೆರಡು ಐವತ್ತು. ‘ಅಂಟಿನ ಮಷೀನಿನ ಫ್ಯೂಸ್ ತೆಗೆದು ದೊಡ್ಡದು ಹಾಕು. ಹಳೇದು ಬಿಸಾಡು. ಯಾರ ಹತ್ರನೂ ಹೇಳ್ಬೇಡ. ನನ್ನ ಹತ್ರನೂ ಈ ಮಾತು ಎತ್ತಬೇಡ.’ ಮೇಲೆ ಇನ್ಸ್‌ಪೆಕ್ಟರನ ನಂಬರು, ಪಕ್ಕದಲ್ಲಿ ಅವನದೇ ಫೋಟೋ, ನಗುತ್ತಿರುವುದು.

“ದೊಡ್ಡ ಫ್ಯೂಸಿಗೆ ಎಲ್ಲಿಗೆ ಹೋಗ್ಲಿ ಸರ್? ಅಂಗಡಿ ಬೀದಿಯಲ್ಲೇ ನಮ್ಮ ಠಾಣೆ, ಓಡಿಬಂದು ಚಾರ್ಜರಿಂದ ಕಿತ್ಕೊಂಡು ಹೋದೆ. ವೋಲ್ಟು ಗೀಲ್ಟು ನಂಗೇನು ಗೊತ್ತು, ಕೂತ್ಕೊಂತು, ಸರಿ ಅಂದ್ಕೊಂಡೆ. ಬಿಸಾಡೋಕೆ ಮಾತ್ರ ಕೈ ಬರ್ಲಿಲ್ಲ. ನನ್ನ ಸಾಹೇಬ್ರು ಹೀಗೆ ಮಾಡಿದ್ರಲ್ಲ ಅಂತ ನಾಲ್ಕು ದಿನದಿಂದ ಅನ್ನ ಸೇರ್ತಿಲ್ಲ ಸರ್.”

ಇನ್ಸ್‌ಪೆಕ್ಟರ್ ತನ್ನ ಫೋನು ತೆಗೆದು ಹುಡುಕಿದ. ಆ ದಿನ, ಆ ಹೊತ್ತು, ಅಂಥ ಮೆಸೇಜೇ ಇಲ್ಲ. ಕಳಿಸಿದವರು ಅಳಿಸಿದ್ದಾರೆ. ತನ್ನ ಫೋನಿನಲ್ಲಿ ಅಳಿಸಿದರೆ ರೇಡಿಯೋನ ಫೋನಿನಲ್ಲಿ ಅಳಿಯುತ್ತದಾ?

ಹನ್ನೆರಡು ಐವತ್ತು. ಎಲ್ಲಿದ್ದೆ ನಾನು? ಬಚ್ಚಲಲ್ಲಿ. ಮೈಗೆ ಸೋಪು ಹಚ್ಚಿಕೊಂಡು, ಹೊಗೆ ವಾಸನೆ ಹೋಗಲಿಲ್ಲ ಅಂತ ಮತ್ತೆ ಹಚ್ಚಿಕೊಂಡು. ಫೋನು? ಒದ್ದೆ ಅಂಗಿಯಿಂದ ತೆಗೆದು ನಡುಮನೆಯ ಮೇಜಿನ ಮೇಲೆ ಇಟ್ಟಿದ್ದೆ. ಬೀಗದ ನಂಬರು ಮನೆಮಂದಿಗೆಲ್ಲ ಗೊತ್ತು. ಮೇಜಿನ ಪಕ್ಕ ಸೋಫಾದಲ್ಲಿ, ನಡುಗುತ್ತ, ನೀರು ಕುಡಿಯುತ್ತ ಕೂತಿದ್ದವನು...

ಹೆಚ್ಚು ಸುಟ್ಟ ಆ ಹಿಂದಿನ ಗೋಡೆ. ಅದರಾಚೆ ಯಾರ ಗೋಡೌನು?

ಹೊರಗೆ ವ್ಯಾನಿನ ಹಾರನ್ ಕೇಳಿಸಿತು. ಐದಕ್ಕೆ ಹತ್ತು ನಿಮಿಷ ಇರುವಾಗಲೇ ಬಂದುಬಿಟ್ಟಿತ್ತು. ಮೇಜಿನ ಮೇಲೆ ಹೇಳಿಕೆ, ರುಜು ಇಲ್ಲದ್ದು. ಹಾಕಿದರೆ ಮುದುಕರು ಜೈಲಿಗೆ, ಮೆಸೇಜು ರೇಡಿಯೋನ ಜೇಬಿಗೆ. ಹರಿದು ಹಾಕಿದರೆ ಮೊದಲು ಎದ್ದು ನಿಲ್ಲುವ ಸಾಕ್ಷಿ ತನ್ನದೇ ನಂಬರು. ನಾನಲ್ಲ ಅಂದರೆ ನಂಬುವವರು ಯಾರು? ಟೆಸ್ಟರಣ್ಣ ಅವನನ್ನೇ ನೋಡುತ್ತಿದ್ದರು. ತಂಗಿಯೂ. ಡಬ್ಬಿಯ ಊಟ ಆರಿಹೋಗಿತ್ತು.

ಆಗಲೇ ಫೋನು ಗುಂಯ್‌ಗುಟ್ಟಿತು. ಹೆಂಡತಿಯ ತಮ್ಮ. ಐದನೇ ಸಲ.

ಇನ್ಸ್‌ಪೆಕ್ಟರ್ ತುಟಿಯ ಮೇಲೆ ಬೆರಳಿಟ್ಟು ಎಲ್ಲರಿಗೂ ಸುಮ್ಮನಿರಿ ಅಂತ ತೋರಿಸಿದ. ಸ್ಪೀಕರ್ ಒತ್ತಿ ಫೋನನ್ನು ಮೇಜಿನ ಮೇಲಿಟ್ಟ.

“ಭಾವಾ, ಈಗಲಾದ್ರೂ ಹೊರಟ್ನಾ?”

“ಹೊರಟ,” ಅಂದ ಇನ್ಸ್‌ಪೆಕ್ಟರ್. ತನ್ನ ದನಿ ತನಗೇ ಗುರುತು ಸಿಗಲಿಲ್ಲ.

“ಅಬ್ಬಾ!” ಆ ಕಡೆ ಉಸಿರು ಬಿಟ್ಟ ಸದ್ದು. ಆಮೇಲೆ ಪಕ್ಕದಲ್ಲಿದ್ದ ಯಾರಿಗೋ ಹೇಳಿದ್ದು ಕೇಳಿಸಿತು, “ಹೊರಟನಂತೆ ಕಣಕ್ಕಾ.”

ದೂರದಿಂದ ಹೆಣ್ಣು ದನಿ ಕೇಳಿತು. ಹದಿನೆಂಟು ವರ್ಷದಿಂದ ದಿನಾ ಬೆಳಿಗ್ಗೆ ತನ್ನನ್ನು ಎಬ್ಬಿಸುವ ದನಿ.

“ಆ ಹಳೇ ಫ್ಯೂಸಿನ ಮಾತೇನಾದ್ರೂ ಬಂತಾ ಕೇಳೋ.”

ಹಳೇ ಫ್ಯೂಸು ಮೇಜಿನ ಮೇಲೆ, ಫೋನಿನ ಪಕ್ಕದಲ್ಲೇ ಇತ್ತು.